ಐದೂವರೆಯ ಬೀರಮ್ಮ

ಹುಣಸೂರಿನ ಆಫೀಸಿನ ಬೀಗ ತೆಗೆದವಳೇ ನೀಲಾಂಬಿಕೆ ಚಪ್ಪಲಿಯನ್ನೂ ಬಿಡದೆ ಸರ್ವರ್ ಮುಂದೆ ಕೂತು ಬೆಳಿಗ್ಗೆ ಇಂಟರ್ನೆಟ್ಟಿಗೆ ಬಂದವರ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದಳು. ಐದೂವರೆಗೆ ಬೀರಮ್ಮ ಬಂದಿರಲಿಲ್ಲ.

ತಾನಾಗಿ ಒಂದು ದಿನವೂ ತಪ್ಪಿಸಿಕೊಂಡವಳಲ್ಲ ಆ ಹೆಂಗಸು. ಮಳೆ ಇರಲಿ, ಹಬ್ಬ ಇರಲಿ, ಬೆಳಗಿನ ಐದೂವರೆಗೆ ಫೋನ್ ಲೈನಿನಲ್ಲಿ ಬಂದು, ಹೆಸರು ಮತ್ತು ಪಾಸ್‌ವರ್ಡ್ ಒಪ್ಪಿಸಿ, ಸರ್ವರ್ ಒಳಗೆ ಬಿಟ್ಟ ಮೇಲೆ ಒಂದು ನಿಮಿಷವೂ ನಿಲ್ಲದೆ ಹೊರಟುಬಿಡುತ್ತಿದ್ದಳು. ಇವತ್ತು ಆ ಸಾಲು ಇಲ್ಲ. ನಿನ್ನೆ ಸಂಜೆ ಆಫೀಸಿನ ಯಜಮಾನರಾದ ಅಂಕಯ್ಯನವರು ಎದೆನೋವಿನಿಂದ ತೀರಿಕೊಂಡಿದ್ದರು.

ಅವಳಿಗೂ ಸುದ್ದಿ ಮುಟ್ಟಿದೆ ಅಂದುಕೊಂಡಳು ನೀಲಾಂಬಿಕೆ. ಸುದ್ದಿ ಮುಟ್ಟಿದ ಮೇಲೆ ಮಣ್ಣಿಗೆ ಬಾರದೆ ಇರುತ್ತಾಳೆಯೇ? ಬಂದು ಎಲ್ಲರೆದುರು ಅತ್ತರೆ ಅಂಕಯ್ಯನವರ ಹೆಂಡತಿ ಅಮ್ಮಾವರ ಗತಿ? ಅವರ ಊರು ಬಿಳಿಕೆರೆಯ ಬಸ್ಸು ಹತ್ತುವಾಗಲೇ ನೀಲಾಂಬಿಕೆ ನಿರ್ಧಾರ ಮಾಡಿದ್ದಳು. ಗುರುತಿಲ್ಲದ ಹೆಂಗಸು ಯಾರೇ ಬರಲಿ, ಬೀದಿ ತಿರುವಿನಲ್ಲೇ ಕೈ ಹಿಡಿದು ವಾಪಸ್ಸು ಕಳಿಸಬೇಕು.

*

ಟೆಲಿಫೋನ್ ಎಕ್ಸ್‌ಚೇಂಜಿನಿಂದ ರಿಟೈರಾದ ಅಂಕಯ್ಯ ಜಗಲಿ ಮೇಲೆ ಕೂತು ಕಾಲ ಕಳೆಯುವ ಆಸಾಮಿಯಲ್ಲ. ಎರಡು ಸಾವಿರದ ಒಂದರಲ್ಲಿ ‘ಲಕ್ಷ್ಮಣತೀರ್ಥ ನೆಟ್’ ಶುರುಮಾಡಿದರು. ಹದಿನಾರು ಫೋನ್ ಲೈನು, ಹದಿನಾರು ಮೋಡೆಮ್ಮು, ಒಂದು ಸರ್ವರ್. ಬೆಟ್ಟದಪುರದಿಂದಲೋ ಹಂಪಾಪುರದಿಂದಲೋ ಯಾರು ಫೋನ್ ಹಚ್ಚಿದರೂ ‘ನೀನ್ಯಾರು’ ಎಂದು ಕೇಳಿ, ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ಇಂಟರ್ನೆಟ್ಟಿಗೆ ಬಿಡುವುದು ಅದರ ಕೆಲಸ.

ಸರ್ವರ್ ಕೂರಿಸಿದ ದಿನ ಮಧ್ಯಾಹ್ನದ ತನಕ ಅದು ಯಾರನ್ನೂ ಬಿಡಲಿಲ್ಲ. ಏನೋ ಸರಿಮಾಡಿದರೆ, ತಪ್ಪು ಪಾಸ್‌ವರ್ಡ್ ಕೊಟ್ಟವರನ್ನೂ ಬಿಟ್ಟಿತು.

“ಇದಕ್ಕಿಂತ ನಮ್ಮೂರ್ ನಾಯೇ ವಾಸಿ ಕಣವ್ವ. ಯಾರ್ಗೆ ಬೊಗಳ್ಬೇಕು ಅಂತಾದ್ರೂ ಗೊತ್ತದೆ,” ಅಂದರು ಅಂಕಯ್ಯ, ಜೊತೆಗಿದ್ದ ನೀಲಾಂಬಿಕೆಗೆ.

ಹೊತ್ತು ಮುಳುಗುವಾಗ ಸರಿಹೋಯಿತು. “ಹೊರಗಡೆಯಿಂದ ದಿನಾ ಒಬ್ರು ಒಳಿಕ್ ಬಂದು ನೋಡ್ಬೇಕು. ಆಗ್ಲೇ ಲೈನಿಂದ ಸರ್ವರ್‌ವರ್ಗೂ ಎಲ್ಲ ನೆಟ್ಟಗದೆ ಅಂತ ತಿಳಿಯಾದು. ಅದ್ನ ನಾನ್ ನೋಡ್ಕತೀನಿ,” ಅಂದರು. ತಮ್ಮ ಹೆಸರಿನಲ್ಲೇ ಒಳಗೆ ಬಂದು ನೋಡುತ್ತಾರೆಂದು ನೀಲಾಂಬಿಕೆ ಅಂದುಕೊಂಡಳು.

ಕಳೆದ ವರ್ಷ ಗಿರಾಕಿಗಳ ಪಟ್ಟಿಯನ್ನು ಚೊಕ್ಕಟ ಮಾಡುವಾಗ ವಿಳಾಸವಿಲ್ಲದ, ಬಿಲ್ಲೂ ಇಲ್ಲದ ಒಂದು ಹೆಸರು ಸಿಕ್ಕಿತು: ಬೀರಮ್ಮ. ಯಾರೋ ಪುಕ್ಕಟೆ ಗಿರಾಕಿ ಎಂದು ಅಳಿಸಿಹಾಕಿದಳು. ಮಾರನೇ ದಿನ ಮೊದಲ ಬಸ್ಸಿಗೇ ಅಂಕಯ್ಯ ಓಡಿಬಂದರು. ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು.

“ಸರ್ವರ್ ಬಿದ್ದೋಗದೆ ಕಣವ್ವ!”

“ಇಲ್ವಲ್ಲ ಸಾರ್, ಹತ್ತು ಜನ ಒಳಗಿದಾರೆ. ಬೀರಮ್ಮ ಅಂತ ಒಂದು ಹೆಸರು ತೆಗೆದೆ, ಅಷ್ಟೇ. ಯಾರು ಸಾರ್ ಅವ್ರು?”

ಅರವತ್ತು ದಾಟಿದ ಮುಖ ಕಿವಿಯ ತನಕ ಕೆಂಪಾಯಿತು. “ಅವ್ಳೊಬ್ಬಳನ್ನ ತೆಗಿಬ್ಯಾಡ ಕಣವ್ವ,” ಎಂದವರು ಕೀಬೋರ್ಡನ್ನು ತಮ್ಮ ಕಡೆಗೆಳೆದುಕೊಂಡು ಆ ಹೆಸರನ್ನು ತಾವೇ ಒಂದೊಂದೇ ಅಕ್ಷರವಾಗಿ ಕೂರಿಸಿದರು.

ಎಲ್ಲೂ ಕೆಲಸ ಸಿಗದಿದ್ದಾಗ ಕರೆದು ಕೆಲಸ ಕಲಿಸಿದ ದೊಡ್ಡ ಮನುಷ್ಯರು. ನೀಲಾಂಬಿಕೆಗೆ ಸಂಕಟವಾಯಿತು. ಆದರೂ ಆ ಗುಟ್ಟನ್ನು ಯಾರ ಮುಂದೆಯೂ ಬಾಯಿಬಿಡಲಿಲ್ಲ.

*

ಬಿಳಿಕೆರೆಯ ಮನೆಯಂಗಳದಲ್ಲಿ ಅಂಕಯ್ಯನವರನ್ನು ಮಲಗಿಸಿದ್ದರು. ತಲೆಯ ಬಳಿ ಅಮ್ಮಾವರು ಕೂತಿದ್ದರು. ನೀಲಾಂಬಿಕೆ ಅವರ ಪಕ್ಕದಲ್ಲೇ ಕೂತು ಬೀದಿಯಿಂದ ಕಣ್ಣು ತೆಗೆಯಲಿಲ್ಲ. ಬಂದ ಹೆಂಗಸರೆಲ್ಲ ಯಾರೋ ಒಬ್ಬರ ಗುರುತಿನವರೇ.

ಅಮ್ಮಾವರು ಅವಳ ಕೈ ಹಿಡಿದುಕೊಂಡರು. “ಒಂದ್ ಮಾತ್ ಕೇಳ್ತೀನಿ, ಸುಳ್ಳು ಏಳ್ಬ್ಯಾಡ. ದಿನಾ ಒತ್ತಾರೆ ಮಕ ತೊಳೆಯೋಕ್ ಮುಂಚೆ ಆ ಪೆಟ್ಟಿಗೆ ಮುಂದೆ ಕೂರೋರು. ನಾನ್ ಒಳಿಕ್ ಬಂದ್ರೆ ಪಟಕ್ಕನೆ ಆರ್ಸೋರು. ಯಾರವ್ವ ಅಲ್ಲಿದ್ದದ್ದು?”

“ಸರ್ವರ್ ನೋಡ್ತಿದ್ರು, ಅಮ್ಮ,” ಅಂದಳು ನೀಲಾಂಬಿಕೆ.

“ಅದ್ನ ಮುಚ್ಚಿಡಾದ್ಯಾಕೆ? ಮೂವತ್ನಾಕು ವರ್ಸ ಒಂದೇ ಮನೇಲಿದ್ವಿ. ಒಂದಿನ ನನ್ನ ಎಸ್ರಿಡ್ದು ಕರ್ದೋರಲ್ಲ. ‘ಇವ್ಳೇ’ ಅನ್ನೋರು, ಮಗಳು ಉಟ್ಟಿದ್ ಮ್ಯಾಲೆ ‘ಪವಿತ್ರನವ್ವ’ ಅನ್ನೋರು. ನಾನೂ ಅವ್ರೆಸ್ರು ಏಳ್ದೋಳಲ್ಲ, ಬುಡು. ಆದ್ರೆ ಆ ಪೆಟ್ಟಿಗೆ ಮುಂದೆ ಮಾತ್ರ ಒಬ್ಬೊಬ್ರೇ ನಗೋರು ಕಣವ್ವ.”

ನೀಲಾಂಬಿಕೆ ಮತ್ತೆ ಬೀದಿ ನೋಡಿದಳು. ಅಷ್ಟರಲ್ಲಿ ಅಂಕಯ್ಯನವರ ಅಕ್ಕ ಶಿವರುದ್ರಮ್ಮ ಅಕ್ಕಿಯ ತಟ್ಟೆ ಹಿಡಿದು ಬಂದು ಗಟ್ಟಿಯಾಗಿ ಕರೆದರು.

“ಎದ್ದೇಳು ಬೀರಮ್ಮ, ಒತ್ತಾಯ್ತದೆ. ಬಾಯ್ಗೆ ಅಕ್ಕಿ ಆಕು ಬಾರವ್ವ.”

ನೀಲಾಂಬಿಕೆ ಬೆಚ್ಚಿ ಬೀದಿಯ ತಿರುವಿಗೆ ಕಣ್ಣು ಹಾಯಿಸಿದಳು. ಅಲ್ಲಿ ಯಾರೂ ಇರಲಿಲ್ಲ. ಪಕ್ಕದಲ್ಲಿ ಅಮ್ಮಾವರು ನೆಲಕ್ಕೆ ಕೈಯೂರಿ ಎದ್ದರು.

ಅಲ್ಲಿಯವರೆಗೂ ತಡೆದುಕೊಂಡಿದ್ದ ಹುಡುಗಿ ಆಗ ಬಿಕ್ಕಿ ಬಿಕ್ಕಿ ಅತ್ತಳು. ಪಾಪ, ಗುರುಗಳ ಮೇಲೆ ಎಷ್ಟು ಪ್ರೀತಿ ಅಂದುಕೊಂಡರು ಜನ. ಪ್ರೀತಿಯೂ ಇತ್ತು. ಒಂದು ವರ್ಷ ಆ ಮನುಷ್ಯರನ್ನು ಅನುಮಾನಿಸಿದ ನಾಚಿಕೆ ಅದಕ್ಕಿಂತ ಹೆಚ್ಚಿತ್ತು.

*

ಮಣ್ಣು ಮುಗಿಸಿ ಬಂದವರು ಕಾಲು ತೊಳೆದು, ಅಂಗಳದಲ್ಲಿ ಹಚ್ಚಿಟ್ಟ ದೀಪ ನೋಡಿಕೊಂಡು ಒಬ್ಬೊಬ್ಬರೇ ಹೊರಟರು. ನೀಲಾಂಬಿಕೆ ಬೀರಮ್ಮನವರನ್ನು ಒಳಕೋಣೆಗೆ ಕರೆದೊಯ್ದು ಕಂಪ್ಯೂಟರ್ ಮುಂದೆ ಕೂರಿಸಿದಳು. ಫೋನ್ ಹಚ್ಚುವ ಚೌಕ ತೆರೆದರೆ ಹೆಸರು ಅದರಲ್ಲೇ ಕೂತಿತ್ತು.

“ಇದು ನಿಮ್ಮ ಹೆಸರು ಅಮ್ಮ. ಸರ್ವರ್ ಸರಿಯಾಗಿದೆಯಾ ಅಂತ ದಿನಾ ಮೊದಲು ಇದನ್ನೇ ಕಳಿಸಿ ನೋಡೋರು. ನೀವು ಒಳಗೆ ಹೋದ್ರೆ ಆಮೇಲೆ ಊರವ್ರೆಲ್ಲ.”

“ನನ್ನೆಸ್ರಾ?” ಇಂಗ್ಲಿಷ್ ಓದಲು ಬಾರದ ಬೀರಮ್ಮ ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟರು. “ದಿನಾ?”

“ದಿನಾ, ಐದೂವರೆಗೆ.”

ನೀಲಾಂಬಿಕೆ ಗುಂಡಿ ಒತ್ತಿದಳು. ಮೋಡೆಮ್ಮು ಕಿರುಚಿ, ಗೊರಗೊರ ಅಂದು ಸುಮ್ಮನಾಯಿತು.

“ಒಳಿಕ್ ಬುಡ್ತಾ?”

“ಬಿಡ್ತು ಅಮ್ಮ.”

ಪರದೆಯ ಮೂಲೆಯಲ್ಲಿ ಸೆಕೆಂಡುಗಳು ಓಡತೊಡಗಿದವು. ಅಂಕಯ್ಯನವರು ಯಾವತ್ತೂ ನಿಮಿಷ ತುಂಬಲು ಬಿಟ್ಟವರಲ್ಲ. ಐವತ್ತಾದಾಗ ನೀಲಾಂಬಿಕೆ ಅವರ ಅಭ್ಯಾಸದಂತೆ ಲೈನು ಕತ್ತರಿಸಲು ಕೈ ಚಾಚಿದಳು. ಬೀರಮ್ಮ ಅವಳ ಮಣಿಕಟ್ಟು ಹಿಡಿದುಕೊಂಡರು.

“ಇರ್ಲಿ ಬುಡವ್ವ.”

ಐವತ್ತೆಂಟು, ಐವತ್ತೊಂಬತ್ತು. ಒಂದು ನಿಮಿಷ ದಾಟಿತು. ಆಮೇಲೆ ಎರಡು.