ಮೊದಲ ತುತ್ತಿನ ಮಾತು

ನಮ್ಮ ಮನೆಯಲ್ಲಿ ಮೊದಲ ತುತ್ತು ನನ್ನದು. ನನ್ನ ಹೆಂಡತಿ ರುದ್ರವ್ವ ಅಡುಗೆ ಮಾಡುವಾಗ ರುಚಿ ನೋಡುವುದಿಲ್ಲ. ದೇವರಿಗೆ ಎಡೆ ತೋರಿಸುವ ಮೊದಲು ಯಾವುದನ್ನೂ ನಾಲಿಗೆಗೆ ಮುಟ್ಟಿಸಬಾರದೆಂದು ಅವಳ ತವರಿನಲ್ಲಿ ಕಲಿಸಿದ್ದಾರೆ. ಎಡೆಯಾದ ಮೇಲೆ ನನಗೆ ತಾಟು ಬಡಿಸಿ, ಹಿಟ್ಟಿನ ಕೈಯಲ್ಲೇ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಾಳೆ. ನಾನು ಒಂದು ತುತ್ತು ನುಂಗಿ ಒಂದು ಮಾತು ಹೇಳಬೇಕು. ಉಪ್ಪು ಕಡಿಮೆ, ಒಗ್ಗರಣೆ ಸೀದಿದೆ, ಬೆಳ್ಳುಳ್ಳಿ ಹೆಚ್ಚಾಯಿತು. ಇಲ್ಲವೆ, ಭಾಳ ಛಲೋ ಆಗಿದೆ. ಮೂವತ್ತೈದು ವರ್ಷ ಅವಳು ತನ್ನ ನಾಲಿಗೆಗಿಂತ ಈ ಮಾತನ್ನೇ ನಂಬಿ ತನ್ನ ಕೈಯನ್ನು ತಿದ್ದಿಕೊಂಡಿದ್ದಾಳೆ.

ಎರಡು ವರ್ಷದ ಹಿಂದೆ, ಇಂಥದೇ ಚಳಿಯಲ್ಲಿ, ನನಗೆ ಎಂಟು ದಿನ ಜ್ವರ ಬಂತು. ಜ್ವರ ಹೋಯಿತು, ಅದರ ಜೊತೆ ವಾಸನೆಯೂ ಹೋಯಿತು. ಇಂಗು, ಲವಂಗ, ಕರ್ಪೂರ ಒಂದೊಂದನ್ನೂ ಮೂಗಿಗೆ ಹಿಡಿದು ನೋಡಿದೆ. ಕರ್ಪೂರ ತಣ್ಣಗೆ ಚುಚ್ಚಿತು, ಅಷ್ಟೆ. ಬಬಲೇಶ್ವರದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವನಿಗೆ ಇದರ ಅರ್ಥ ಗೊತ್ತಿತ್ತು. ನಾಲಿಗೆಗೆ ತಿಳಿಯುವುದು ಉಪ್ಪು, ಹುಳಿ, ಸಿಹಿ, ಕಹಿಯಂಥ ನಾಲ್ಕೈದು ಮಾತ್ರ. ನಾವು ರುಚಿ ಎಂದು ಕರೆಯುವುದರಲ್ಲಿ ದೊಡ್ಡ ಪಾಲು ಮೂಗಿನದು.

ತಿಂಗಳೊಪ್ಪತ್ತಿನಲ್ಲಿ ಸರಿಹೋದೀತು ಎಂದು ರುದ್ರವ್ವನಿಗೆ ಹೇಳಲಿಲ್ಲ. ಸರಿಹೋಗಲಿಲ್ಲ. ಆಮೇಲೆ ಹೇಳುವುದು ಕಷ್ಟವಾಯಿತು. ಅವಳು ಬಾಗಿಲಲ್ಲಿ ನಿಂತಿರುತ್ತಿದ್ದಳು, ನಾನು ಭಾಳ ಛಲೋ ಆಗಿದೆ ಎನ್ನುತ್ತಿದ್ದೆ. ಸಾಧ್ಯವಾದಷ್ಟು ಎಚ್ಚರದಿಂದ ಸುಳ್ಳು ಹೇಳುತ್ತಿದ್ದೆ. ಒಗ್ಗರಣೆಯ ಬಣ್ಣ ನೋಡುತ್ತಿದ್ದೆ, ಸಾಸಿವೆ ಸಿಡಿದ ಸದ್ದು ಎಣಿಸುತ್ತಿದ್ದೆ, ಮಗ್ಗುಲಮನೆಯವರು ಬಂದರೆ ಅವರು ಬಾಯಿ ತೆರೆಯುವ ತನಕ ಕಾಯುತ್ತಿದ್ದೆ. ಒಮ್ಮೆ ನಾನು ಪೇಪರು ಓದುತ್ತ ಕೂತ ಜಾಗದಿಂದ ಮೂರು ಮಾರು ದೂರದಲ್ಲಿ ಹಾಲು ಹೊತ್ತಿ ಕರ್ರಗಾಯಿತು. ಕಣ್ಣು ಹತ್ತಿತ್ತು ಎಂದು ಹೇಳಿ ಪಾರಾದೆ.

ಈ ಡಿಸೆಂಬರಿನ ಕೊನೆಯ ವಾರ ಹೊನವಾಡದಿಂದ ಮಲ್ಲಿಕಸಾಬನ ಫೋನು ಬಂತು. ಅವನೂ ನಾನೂ ಹತ್ತನೆಯ ತರಗತಿಯವರೆಗೆ ಒಂದೇ ಬೆಂಚಿನವರು. ದ್ರಾಕ್ಷಿ ತೋಟದ ಆಚೆಗಿನ ಜೋಳದ ಹೊಲದಲ್ಲಿ ಪ್ರತಿವರ್ಷ ಸೀತನಿಗೆಂದೇ ನಾಲ್ಕು ಸಾಲು ಬೇರೆ ಬೀಜ ಬಿತ್ತುತ್ತಾನೆ. ಸೀತನಿ ಎಂದರೆ ಹಾಲು ತುಂಬಿದ ಎಳೆಯ ಜೋಳದ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ ಉದುರಿಸಿ ತಿನ್ನುವ ಹಸಿರು ಕಾಳು. ಆ ಹದ ನಾಲ್ಕೈದು ದಿನ ಮಾತ್ರ ಇರುತ್ತದೆ. ಬುಧವಾರದೊಳಗೆ ಬರದಿದ್ದರೆ ಗಿಳಿಗಳ ಪಾಲು ಎಂದ.

ಮಂಗಳವಾರ ಹೊರಟೆವು. ರುದ್ರವ್ವ ಹಿಂದಿನ ದಿನ ಶೇಂಗಾ ಹೋಳಿಗೆ ಮಾಡಿ, ಎಡೆ ತೋರಿಸಿ, ಎತ್ತಿಟ್ಟಿದ್ದಳು. ಹೊಲದಲ್ಲಿ ಎಲ್ಲರ ಜೊತೆ ತಿನ್ನಬೇಕೆಂದು ನನಗೂ ಕೊಟ್ಟಿರಲಿಲ್ಲ. ಬೆಳಿಗ್ಗೆ ಅವಳು ಜಡೆ ಹಾಕಿಕೊಳ್ಳುವಾಗ ಚೀಲ ತುಂಬುವ ಕೆಲಸ ನನ್ನದಾಯಿತು. ಹೋಳಿಗೆ ಮುರಿಯಬಾರದಲ್ಲ. ಟ್ರಂಕಿನಿಂದ ಜಮಖಾನೆ ತೆಗೆದೆ, ಅದರ ಮಡಿಕೆಯಲ್ಲಿ ನುಸಿ ಬಾರದಂತೆ ಇಟ್ಟಿದ್ದ ಬಿಳಿಯ ಡಾಂಬರ ಗುಳಿಗೆಗಳನ್ನು ಆರಿಸಿ ಟ್ರಂಕಿಗೆ ಹಾಕಿದೆ, ಹೋಳಿಗೆಯ ಬಟ್ಟೆಗಂಟನ್ನು ಜಮಖಾನೆಯ ನಡುವೆ ಇಟ್ಟು ಬಿಗಿಯಾಗಿ ಸುತ್ತಿದೆ. ಮೆತ್ತಗೆ, ಭದ್ರವಾಗಿ ಕೂತಿತು. ಒಳ್ಳೆಯ ಕೆಲಸ ಮಾಡಿದೆನೆಂದುಕೊಂಡೆ.

ಜೋರಾಪುರ ಪೇಟೆಯಿಂದ ಬಸ್‌ಸ್ಟ್ಯಾಂಡಿನವರೆಗೆ ನಡೆದೇ ಹೋದೆವು. ರಸ್ತೆಯ ತುಂಬ ಶಾಲಾ ಪ್ರವಾಸದ ಬಸ್ಸುಗಳು. ಕಿವಿಗೆ ಮಫ್ಲರ್ ಸುತ್ತಿಕೊಂಡ ಮಕ್ಕಳು ಗೋಳಗುಮ್ಮಟದಲ್ಲಿ ಕೂಗುವುದಕ್ಕೆ ಬಸ್ಸಿನಲ್ಲೇ ಗಂಟಲು ತಯಾರು ಮಾಡಿಕೊಳ್ಳುತ್ತಿದ್ದರು. ನಮ್ಮ ಬಸ್ಸಿನಲ್ಲಿ ಕಿಟಕಿಯ ಗಾಜು ಮುಚ್ಚುತ್ತಿರಲಿಲ್ಲ. ಟಿಕೋಟಾ ದಾಟುವವರೆಗೆ ರುದ್ರವ್ವ ಸೆರಗಿನಲ್ಲಿ ಕಿವಿ ಮುಚ್ಚಿಕೊಂಡು, ಸಂಕ್ರಾಂತಿಗೆ ಯಾರ ಯಾರ ಮನೆಗೆ ಎಳ್ಳು ಬೀರಬೇಕೆಂದು ಲೆಕ್ಕ ಹಾಕಿದಳು. ಚೀಲ ಮೇಲಿನ ಹಲಗೆಯ ಮೇಲಿತ್ತು.

ಹೊಲದಲ್ಲಿ ಮಲ್ಲಿಕಸಾಬ ಆಗಲೇ ಕುಣಿ ತೋಡಿ ಕುಳ್ಳು ಹೊತ್ತಿಸಿದ್ದ. ಅವನ ಹೆಂಡತಿ ಗುಲಶನ ಹೋಳಿಗೆಯ ಗಂಟನ್ನು ಬದಿಗಿಟ್ಟು ನಾವು ತಂದ ಜಮಖಾನೆ ಹಾಸಿದಳು. ತೆನೆಗಳನ್ನು ಕೆಂಡದಲ್ಲಿ ಹೊರಳಿಸಿ, ಗೋಣಿತಟ್ಟಿನಲ್ಲಿ ಸುತ್ತಿ ತಿಕ್ಕಿ, ಮೊರದಲ್ಲಿ ಕೇರಿ, ಒಬ್ಬೊಬ್ಬರ ಬೊಗಸೆಗೂ ಬಿಸಿಬಿಸಿ ಸುರಿದಳು. ಜೊತೆಗೆ ಬೆಲ್ಲ, ಒಣಕೊಬ್ಬರಿ, ಗುರೆಳ್ಳಿನ ಚಟ್ನಿ. ಕಾಳು ಹಲ್ಲಿನ ನಡುವೆ ಮೆಲ್ಲಗೆ ಒಡೆದು ಸಿಹಿ ಹಾಲು ಬಿಡುತ್ತಿತ್ತು. ಬೆನ್ನಿಗೆ ಬಿಸಿಲು, ಅಂಗೈಗೆ ಬಿಸಿ. ಘಮದ ಬಗ್ಗೆ ಮೂವರೂ ಮಾತಾಡಿದರು. ಒಂದು ಕ್ಷಣ ತಡೆದು ನಾನೂ ಮಾತಾಡಿದೆ.

ಆಮೇಲೆ ರುದ್ರವ್ವ ಗಂಟು ಬಿಚ್ಚಿದಳು. ರೂಢಿಯಂತೆ ಮೊದಲ ಹೋಳಿಗೆ ನನಗೆ ಕೊಟ್ಟು ಮುಖ ನೋಡುತ್ತ ಕೂತಳು. ಅಂಚು ಗರಿಗರಿಯಾಗಿತ್ತು, ಬೆಲ್ಲ ಹದವಾಗಿತ್ತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಎರಡು ವರ್ಷದ ಅಭ್ಯಾಸ ನನಗೆ ಸ್ವಲ್ಪ ಧೈರ್ಯ ಕೊಟ್ಟಿತ್ತು.

“ಭಾಳ ಛಲೋ ಆಗ್ಯಾವ. ಈ ಸಲ ಯಾಲಕ್ಕಿ ಘಮಾ ಹದಕ್ಕ ಬಂದೈತಿ ನೋಡು,” ಎಂದೆ.

ಮಲ್ಲಿಕಸಾಬ ಒಂದು ತುಂಡು ಬಾಯಿಗಿಟ್ಟವನು ಅಗಿಯುವುದನ್ನು ನಿಲ್ಲಿಸಿ ದೂರದ ಬೇವಿನ ಮರವನ್ನು ನೋಡತೊಡಗಿದ. ಗುಲಶನ ತನ್ನ ಹೋಳಿಗೆಯನ್ನು ಮೂಗಿನ ಹತ್ತಿರ ತಂದು ಕೆಳಗಿಳಿಸಿದಳು.

“ಅಕ್ಕಾರ, ತಪ್ಪು ತಿಳ್ಕೋಬ್ಯಾಡ್ರಿ. ಇದಕ್ಕ ಡಾಂಬರ ಗುಳಿಗಿ ವಾಸನಿ ಹೊಡ್ಯಾಕತ್ತೈತಿ.”

ರುದ್ರವ್ವ ಒಂದು ಹೋಳಿಗೆ ಮೂಸಿದಳು. ಜಮಖಾನೆಯ ಅಂಚು ಎತ್ತಿ ಮೂಸಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಎರಡನೆಯ ಹೋಳಿಗೆಗೆ ಕೈ ಹಾಕಿದ್ದೆ.

“ಬಾಯಾಗಿಂದು ಉಗುಳ್ರಿ,” ಎಂದಳು. ಉಗುಳಿದೆ. “ಈ ಸಲ ಯಾಲಕ್ಕಿ ಹಾಕಿಲ್ಲ ನಾ. ಜಾಜಿಕಾಯಿ ಹಾಕೇನಿ.”

ಮಲ್ಲಿಕಸಾಬ ನಗೆಯಲ್ಲಿ ಅದನ್ನು ಮುಚ್ಚಲು ನೋಡಿದ. “ಗುಳಿಗಿ ನೀರಾಗದನ ಗಾಳಿ ಆಗತೈತಿ ಅಂತ ಮೂವತ್ತು ವರ್ಷ ಹುಡುಗೂರಿಗೆ ಕಲಿಸಿದಿ. ಇವತ್ತ ಹೋಳಿಗಿಗೂ ಕಲಿಸಿದೇನಲೇ ಸಿದ್ದ್ಯಾ?”

ಉತ್ಪತನದ ಪಾಠ ಅದು. ಪ್ರತಿವರ್ಷ ಅದೇ ಬಿಳಿ ಗುಳಿಗೆ ಹಿಡಿದು ತರಗತಿಯಲ್ಲಿ ತೋರಿಸುತ್ತಿದ್ದೆ. ಗುಳಿಗೆ ತೆಗೆದರೂ ಬಟ್ಟೆಯಲ್ಲಿ ಅದು ಉಳಿದಿರುತ್ತದೆಂದು ಬೆಳಿಗ್ಗೆ ನನಗೆ ಹೊಳೆಯಲೇ ಇಲ್ಲ. ನೆನಪಿಸಬೇಕಾದ ಮೂಗು ಇರಲಿಲ್ಲ. ನಾನು ನಗಲಿಲ್ಲ, ರುದ್ರವ್ವನೂ ನಗಲಿಲ್ಲ. ಇನ್ನಷ್ಟು ತೆನೆ ಕೊಯ್ಯಬೇಕೆಂದು ಮಲ್ಲಿಕಸಾಬ ಗುಲಶನಳನ್ನು ಕರೆದುಕೊಂಡು ಜೋಳದ ಸಾಲಿನೊಳಗೆ ಹೋದ.

ಎಂದಿನಿಂದ ವಾಸನೆ ತಿಳಿಯುತ್ತಿಲ್ಲ ಎಂದು ರುದ್ರವ್ವ ಕೇಳಿದಳು. ಆ ಜ್ವರದಿಂದ ಎಂದೆ. ಅವಳು ಕೆಂಡವನ್ನು ಕಡ್ಡಿಯಿಂದ ಕೆದಕಿದಳು. ಡಾಕ್ಟರಿಗೆ ತೋರಿಸಿದ್ದೀರೇನು ಎಂದಳು. ತೋರಿಸಿದ್ದೆ, ಮರಳಿ ಬಂದರೆ ಬಂತು, ಇಲ್ಲವಾದರೆ ಇಲ್ಲ ಎಂದಿದ್ದರು. ಅದನ್ನೂ ಅವಳಿಗೆ ಹೇಳದೆ, ಸೊಲ್ಲಾಪುರ ರಸ್ತೆಯಲ್ಲಿ ಮಿಕ್ಸರ್ ರಿಪೇರಿಗೆ ಹೋಗುವ ನೆಪದಲ್ಲಿ ಹೋಗಿ ಬಂದಿದ್ದೆ.

“ದೀಪಾವಳಿಗೆ ಮಾಡಿದ್ದ ಎಣ್ಣಿಗಾಯಿ?” ಎಂದಳು.

“ಸುಳ್ಳು.”

“ಪುಂಡಿಪಲ್ಲೆ?”

“ಅದು ಖರೆ. ಹುಳಿ ನಾಲಿಗಿಗೆ ತಿಳಿತೈತಿ.”

“ಕಡಕ ರೊಟ್ಟಿ?”

“ಖರೆ. ಅದರ ಸಪ್ಪಳಾ ಕೇಳಸ್ತೈತಿ.”

“ತುಪ್ಪ?”

“ಸುಳ್ಳು.”

“ಅದಕ್ಕ ಮನ್ಯಾಗ ಕಾಸೂದು ಬಿಟ್ಟು ಪೇಟ್ಯಾಗಿಂದ ತಂದ್ರೂ ನಿಮಗ ಗೊತ್ತಾಗಲಿಲ್ಲ. ನಾನ ಹುಚ್ಚಿ, ಪೇಟಿ ತುಪ್ಪಾನೂ ಛಲೋ ಬರಾಕತ್ತೈತಿ ಅಂತ ತಿಳ್ಕೊಂಡೆ.” ನನ್ನ ಕಡೆ ನೋಡದೆ ಕೇಳಿದಳು: “ಮಾದ್ಲಿ?”

ಇದಕ್ಕೆ ನಾನು ಹೆದರಿದ್ದೆ. ಮಾದ್ಲಿ ನನ್ನ ಅವ್ವ ಅವಳಿಗೆ ಕಲಿಸಿದ ಗೋದಿ-ಬೆಲ್ಲದ ಸಿಹಿ. ಹೋದ ಯುಗಾದಿಗೆ ಅದನ್ನು ತಿಂದು, ಅವ್ವನ ನೆನಪಾಯಿತು ಎಂದಿದ್ದೆ. ಆ ದಿನ ರುದ್ರವ್ವ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡದ್ದು ನನಗೆ ಕಂಡಿತ್ತು.

“ರುಚಿ ಸುಳ್ಳು. ಅವ್ವನ ನೆನಪಾಗಿದ್ದು ಖರೆ. ವಾಸನಿ ಬರಲಿಲ್ಲ ಅಂತನ ಅಕಿ ನೆನಪಾತು.”

ಅವಳು ಅದನ್ನು ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. ಹೋಳಿಗೆಗಳನ್ನೆಲ್ಲ ಗಂಟಿಗೆ ಹಾಕಿ ಕಟ್ಟಿದಳು. ಹತ್ತು ಹೋಳಿಗೆ, ಒಂದು ಸೇರು ಶೇಂಗಾ, ಅರ್ಧ ದಿನದ ಕೆಲಸ.

“ಹೋಳಿಗಿ ಹೋದ್ರ ಹೋಗ್ಲಿ,” ಎಂದಳು ಕಡೆಗೆ. “ನೀವು ಒಂದ ಮಾತು ಹೇಳೂತನಾ ನಾ ಉಣ್ಣಲಿಲ್ಲ, ಮೂವತ್ತೈದು ವರ್ಷ. ಎರಡು ವರ್ಷದಿಂದ ನಾ ಏನ ಮಾಡಾಕತ್ತೇನಿ ಅಂತ ನನಗ ಗೊತ್ತಿಲ್ಲ ಅಂದಂಗಾತು. ಇನ್ನ ಮ್ಯಾಲೆ ಯಾರನ್ನ ಕೇಳಿ ಅಡಗಿ ಮಾಡ್ಲಿ?”

ಅವಳು ಬೇಸರಪಟ್ಟುಕೊಳ್ಳಬಾರದೆಂದು ಸುಮ್ಮನಿದ್ದೆ ಎನ್ನಬಹುದಿತ್ತು. ಆದರೆ ನಿಜ ಬೇರೆಯೇ ಇತ್ತು. ಬಾಗಿಲಲ್ಲಿ ಅವಳು ನಿಲ್ಲುವುದು ನಿಂತುಹೋದೀತೆಂದು ಹೆದರಿದ್ದೆ. ಅದನ್ನೇ ಹೇಳಿದೆ. ಅವಳು ಕಡ್ಡಿಯನ್ನು ಕೆಂಡಕ್ಕೆ ಹಾಕಿದಳು.

ಅಷ್ಟರಲ್ಲಿ ಮಲ್ಲಿಕಸಾಬ ಕೆಮ್ಮುತ್ತ, ಬರುತ್ತಿದ್ದೇನೆಂದು ದೂರದಿಂದಲೇ ತಿಳಿಸುತ್ತ ಬಂದ. ಗುಲಶನ ಮಡಿಲಿನಿಂದ ತೆನೆಗಳನ್ನು ಕುಣಿಗೆ ಸುರುವಿದಳು. ಸುಟ್ಟಾದ ಮೇಲೆ ಗೋಣಿತಟ್ಟಿಗೆ ಕೈ ಹಾಕಹೋದವಳನ್ನು ರುದ್ರವ್ವ ತಡೆದಳು. ತಾನೇ ಒಂದು ತೆನೆ ತೆಗೆದು, ಬಿಸಿಗೆ ಕೈ ಬದಲಿಸುತ್ತ ತಿಕ್ಕಿ, ಹೊಟ್ಟು ಊದಿ, ಕಾಳನ್ನು ನನ್ನ ಅಂಗೈಗೆ ಹಾಕಿದಳು. ಕೂತುಕೊಳ್ಳಲಿಲ್ಲ; ನಿಂತೇ ನೋಡಿದಳು.

ಭಾಳ ಛಲೋ ಎಂಬುದು ನಾಲಿಗೆಯ ತುದಿಗೆ ತಾನಾಗಿ ಬಂದಿತ್ತು. ಅದನ್ನು ನುಂಗಿ ಕಾಳನ್ನು ಅಗಿದೆ. ಲ್ಯಾಬಿನಲ್ಲಿ ತೂಕ ನೋಡುವಾಗ ಇರುತ್ತಿದ್ದಷ್ಟೇ ಎಚ್ಚರದಿಂದ, ಒಂದು ಬದಿಗೆ, ಇನ್ನೊಂದು ಬದಿಗೆ.

“ಇದು ಬಲತೈತಿ,” ಎಂದೆ. “ಹಾಲಿಲ್ಲ. ಹಲ್ಲಿಗೆ ಹಿಟ್ಟು ಹತ್ತಾಕತ್ತೈತಿ.”

ನನ್ನ ಹೊಲದ ಸೀತನಿಯಲ್ಲಿ ಹುಳುಕು ಹುಡುಕುತ್ತೀಯೇನು ಎಂದು ಮಲ್ಲಿಕಸಾಬ ಜಗಳಕ್ಕೆ ಬಂದ. ಗುಲಶನ ಅವನ ತೋಳು ಹಿಡಿದು ಕೂರಿಸಿದಳು. ರುದ್ರವ್ವ ನನ್ನ ಅಂಗೈಯಿಂದ ನಾಲ್ಕು ಕಾಳು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು.

“ಹೌದು, ಬಲತೈತಿ,” ಎಂದಳು ಮಲ್ಲಿಕಸಾಬನಿಗೆ. “ಇವರು ಹೇಳಿದ್ದು ಖರೆ ಐತಿ.”

ಉಳಿದ ಕಾಳನ್ನು ನನ್ನ ಕೈಯಿಂದ ಹಕ್ಕಿಗಳಿಗೆ ತೂರಿ, ಕುಣಿಯ ಮುಂದೆ ಕುಕ್ಕರಗಾಲಲ್ಲಿ ಕೂತು ತೆನೆಗಳನ್ನು ಒಂದೊಂದಾಗಿ ಹೊರಳಿಸಿ ನೋಡಿದಳು. ಎಳೆಯದೊಂದನ್ನು ಆರಿಸಿ ತಿಕ್ಕಿದಳು. ಬಿಸಿ ಕಾಳು ಮತ್ತೆ ನನ್ನ ಅಂಗೈಗೆ ಬಿತ್ತು.

“ಈಗ ಇದನ್ನ ಹೇಳ್ರಿ,” ಎಂದಳು, ಮತ್ತು ನಾನು ಅಗಿದು ಮುಗಿಸುವ ತನಕ ತಾನು ಒಂದು ಕಾಳನ್ನೂ ಬಾಯಿಗೆ ಹಾಕದೆ ಕಾದಳು.