ಅಕ್ಕನ ದವಡೆ

ನೀರು ತಿಳಿಯಾಗಿ ವಾಪಸು ಬರುತ್ತಿತ್ತು. ಅಕ್ಕನ ಬಾಯಿಯ ಮೂಲೆಯಲ್ಲಿದ್ದ ಕೊಳವೆ ಗೊರಗೊರ ಎನ್ನುತ್ತ ಅದನ್ನು ಎಳೆದುಕೊಳ್ಳುವುದನ್ನು ಪುಟ್ಟಿ ಬಗ್ಗಿ ನೋಡಿದಳು. ಮೂಳೆ ಕೊರೆಯುವಾಗ ನೀರು ಕೆಂಪಗಾಗಿ, ಪುಡಿ ಹೊತ್ತು ಬರಬೇಕು. ಇದು ಈಗಷ್ಟೇ ನಲ್ಲಿಯಿಂದ ಹಿಡಿದಂತಿದೆಯಲ್ಲ! ಅವಳು ಡ್ರಿಲ್ಲಿನ ಪೆಡಲಿನಿಂದ ಕಾಲು ತೆಗೆದಳು.

ನಲವತ್ತು ದಾಟಿದ ಹಲ್ಲಿನ ಡಾಕ್ಟರನ್ನು ಪುಟ್ಟಿ ಎನ್ನುವುದು ಸರಿಯಲ್ಲ, ನಿಜ. ಆದರೆ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದವಳು ಅವಳ ಸ್ವಂತ ಅಕ್ಕ. ಒಳಗೆ ಬರುವಾಗಲೇ ನರ್ಸಿನ ಎದುರು "ಪುಟ್ಟೀ, ಕೈ ತೊಳ್ಕೊಂಡ್ಯೇನೇ?" ಎಂದು ಮಾನ ಹರಾಜು ಹಾಕಿದ್ದಳು. ಭಾವ ದೊಡ್ಡ ಆಸ್ಪತ್ರೆಗೇ ಹೋಗೋಣವೆಂದು ಪಟ್ಟು ಹಿಡಿದಿದ್ದರು. "ಮನೇಲೇ ಡಾಕ್ಟರ್ ಇಟ್ಕೊಂಡು ಊರೆಲ್ಲ ಅಲೀಬೇಕೇನ್ರೀ?" ಎಂದು ಅಕ್ಕನೇ ಅವರ ಬಾಯಿ ಮುಚ್ಚಿಸಿದ್ದಳು. ಈಗ ಭಾವ ಹೊರಗಿನ ಬೆಂಚಿನಲ್ಲಿ ಮುಖ ಗಂಟಿಕ್ಕಿಕೊಂಡು ಕೂತಿದ್ದರು.

ಬಿದ್ದ ಹಲ್ಲಿನ ಜಾಗದಲ್ಲಿ ಮೂಳೆ ಕೊರೆದು ಸ್ಕ್ರೂ ಕೂರಿಸಿ, ಅದರ ಮೇಲೆ ಹೊಸ ಹಲ್ಲು ನಿಲ್ಲಿಸಬೇಕಿತ್ತು. ಅಕ್ಕನ ಕೆಳದವಡೆಯ ಮೇಲೆ ಗೈಡ್ ಕೂತಿತ್ತು. ಹಲ್ಲುಗಳಿಗೆ ಟೋಪಿ ಹಾಕಿದಂತೆ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಅಚ್ಚು ಅದು. ಅದರ ತೂತಿನೊಳಗೆ ಡ್ರಿಲ್ ಇಳಿಸಿದರೆ ಕೂದಲೆಳೆಯಷ್ಟೂ ಅತ್ತಿತ್ತ ಸರಿಯುವುದಿಲ್ಲ. ದವಡೆಯೊಳಗಿನ ನರಕ್ಕೆಲ್ಲಿ ತಗುಲೀತೋ ಎಂದು ಹೆದರಿಯೇ ಪುಟ್ಟಿ ಇದನ್ನು ಮಾಡಿಸಿದ್ದಳು. ನರದ ಚಿಂತೆಯಲ್ಲಿ ನೀರಿನ ಕಡೆ ಗಮನವೇ ಹೋಗಿರಲಿಲ್ಲ. ಡ್ರಿಲ್ ಕಾಯದಿರಲೆಂದು ಮೇಲಿಂದ ಸುರಿದ ನೀರು ಅಚ್ಚಿಗೆ ಬಡಿದು ಪಕ್ಕಕ್ಕೆ ಹರಿದುಹೋಗಿತ್ತು, ಡ್ರಿಲ್ಲಿನ ತುದಿ ಒಳಗೆ ನೀರಿಲ್ಲದೆಯೇ ತಿರುಗಿತ್ತು. ಅಕ್ಕನ ಮೂಳೆಯೋ, ಅವಳ ಹಠದಷ್ಟೇ ಗಟ್ಟಿ. ಇಳಿಯುತ್ತಿಲ್ಲವೆಂದು ಪುಟ್ಟಿ ನಡುನಡುವೆ ಮೇಲೆತ್ತದೆ ಒಂದೇ ಸಮ ಒತ್ತಿಬಿಟ್ಟಿದ್ದಳು.

ಡ್ರಿಲ್ ಹೊರಗೆ ತೆಗೆದು ದೀಪಕ್ಕೆ ಹಿಡಿದಳು. ಸುರುಳಿಯ ಸಂದಿನಲ್ಲಿ ಅಂಟಿದ್ದ ಪುಡಿ ಬೆಳ್ಳಗಿರಲಿಲ್ಲ, ಸುಟ್ಟು ಕಂದು ಬಣ್ಣಕ್ಕೆ ತಿರುಗಿತ್ತು.

"ಮುಂದಿನ ಸೈಜ್ ಕೊಡ್ಲಾ ಮೇಡಂ?" ನರ್ಸ್ ಕೇಳಿದಳು.

"ತಾಳಿ ಸಿಸ್ಟರ್. ಫ್ರಿಜ್ಜಲ್ಲಿರೋ ಸಲೈನ್ ಸಿರಿಂಜಲ್ಲಿ ಕೊಡಿ."

ಅಕ್ಕನ ಕಣ್ಣುಗಳು ಏನಾಯಿತು ಎಂಬಂತೆ ಅವಳತ್ತ ಹೊರಳಿದವು. "ನೋವಾಗ್ತಿದ್ಯಾ ಅಕ್ಕ?" ಎಂದರೆ ಹೆಬ್ಬೆರಳು ಎತ್ತಿ ತೋರಿಸಿದಳು, ಆರಾಮಾಗಿದೀನಿ ಎಂದು. ಪುಟ್ಟಿಗೆ ಅಳು ಬಂದಂತಾಯಿತು. ಮರಗಟ್ಟಿದ ದವಡೆ, ಒಳಗೆ ಬೆಂದರೂ ಅವಳಿಗೆ ಹೇಗೆ ಗೊತ್ತಾಗಬೇಕು?

ಗೈಡ್ ಕಳಚಿ, ತಣ್ಣನೆಯ ಸಲೈನನ್ನು ನೇರ ರಂಧ್ರಕ್ಕೇ ಹಾಯಿಸಿದಳು. ಹೀರಿ ತೆಗೆದು ಕಾದಳು. ಜೀವ ಇರುವ ಮೂಳೆಯಾದರೆ ರಕ್ತ ಜಿನುಗಬೇಕು. ಬಾ, ಬಾ ಎಂದು ಮನಸ್ಸಿನಲ್ಲೇ ಗೋಗರೆದಳು. ಒಂದು ಬದಿಯಲ್ಲಿ ಸಣ್ಣ ಕೆಂಪು ಚುಕ್ಕೆ ಮೂಡಿತು. ಇನ್ನೊಂದು ಬದಿ ಬಿಳಿಚಿಕೊಂಡು ಸುಮ್ಮನಿತ್ತು.

ಮುಂದಿನ ದಪ್ಪ ಡ್ರಿಲ್ ಆ ಬೆಂದ ಪದರವನ್ನು ಕೆರೆದು ಹಾಕೀತು. ಹಾಕದಿದ್ದರೆ? ಸತ್ತ ಮೂಳೆ ಸ್ಕ್ರೂ ಹಿಡಿಯುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಅಲ್ಲಾಡತೊಡಗಿ, ಪಕ್ಕದ ಮೂಳೆಯನ್ನೂ ತಿಂದುಕೊಂಡು ಉದುರುತ್ತದೆ. ಆಮೇಲೆ ಅಲ್ಲಿ ಹಲ್ಲು ಕೂರಿಸಲು ಜಾಗವೇ ಉಳಿಯದು. ಆದರೂ ಹೊರಗೆ ಕೂತ ಭಾವನ ಮುಖ ನೆನಪಾಗಿ ಅವಳ ಕೈ ತಡೆಯಿತು. ಸುಮ್ಮನೆ ಸ್ಕ್ರೂ ಹಾಕಿ ಕಳಿಸಿಬಿಟ್ಟರೆ ಇವತ್ತಿಗಂತೂ ಯಾರಿಗೂ ತಿಳಿಯುವುದಿಲ್ಲ. ಮುಂದೆ ಅಲ್ಲಾಡಿದರೆ ಅಕ್ಕನ ವಯಸ್ಸಿನ ಮೇಲೆ ಹಾಕಿದರಾಯಿತು. ಥೂ, ಎಂಥಾ ಯೋಚನೆ!

"ಹೊಲಿಗೆ ಸೆಟ್ ತೆಗೀರಿ ಸಿಸ್ಟರ್," ಎಂದಳು. ಬಿಳಿಚಿದ ಬದಿಯನ್ನು ರಕ್ತ ಕಾಣುವವರೆಗೆ ಕೈಯಿಂದಲೇ ಮೆಲ್ಲಗೆ ಕೆರೆದು, ಒಸಡು ಮುಚ್ಚಿ ಹೊಲಿದಳು.

ಅಕ್ಕ ಎದ್ದು ಕೂತು, ಜೋತುಬಿದ್ದ ತುಟಿಯನ್ನು ಒರೆಸಿಕೊಳ್ಳುತ್ತ, "ಮುಗೀತೇನೇ? ಕೂತ್ಕೊಂತಾ ಹಲ್ಲು?" ಎಂದು ತೊದಲಿದಳು.

"ಇಲ್ಲ ಅಕ್ಕ. ಮೂಳೆ ಬಿಸಿಯಾಗಿ ಸ್ವಲ್ಪ ಸುಟ್ಟಿದೆ. ನನ್ನ ಕೈಯಿಂದ್ಲೇ ಆಗಿದ್ದು. ಇವತ್ತು ಹಾಕಿದ್ರೆ ನಿಲ್ಲಲ್ಲ. ಅದು ತುಂಬ್ಕೊಳ್ಳೋಕೆ ಮೂರ್ನಾಲ್ಕು ತಿಂಗಳು ಬಿಡಬೇಕು. ಭಾವಂಗೆ ನಾನೇ ಹೇಳ್ತೀನಿ."

"ನಂಗೇನೂ ಗೊತ್ತೇ ಆಗ್ಲಿಲ್ವಲ್ಲೇ!"

"ಗೊತ್ತಾಗಲ್ಲ ಅಕ್ಕ."

ನರ್ಸ್ ಕೊಟ್ಟ ಐಸ್ ಚೀಲವನ್ನು ಕೆನ್ನೆಗೊತ್ತಿಕೊಂಡು ಅಕ್ಕ ಕುರ್ಚಿಯಿಂದ ಇಳಿದು ಮೂಲೆಯ ಸ್ಟೂಲಿನಲ್ಲಿ ಕೂತಳು. ಬೈದಿದ್ದರೆ ಪುಟ್ಟಿಗೆ ಹಗುರಾಗುತ್ತಿತ್ತು. ಆಗಲೇ ಬಾಗಿಲಲ್ಲಿ ಇಣುಕಿದ ನರ್ಸ್, "ಮುಂದಿನವರು ಬಂದಿದ್ದಾರೆ ಮೇಡಂ. ಅವರದ್ದೂ ಗೈಡ್ ಕೇಸೇ," ಎಂದಳು.

ಅಕ್ಕ ತಂಗಿಯ ಮುಖವನ್ನೇ ನೋಡಿದಳು. "ಈ ಕುರ್ಚೀಲಿ ನನ್ನ ಬದಲು ಅವರಿದ್ದಿದ್ರೂ ನಿಲ್ಲಿಸ್ತಿದ್ಯಾ, ಪುಟ್ಟಿ?"

ಪುಟ್ಟಿ ಹೂಂ ಎನ್ನಲು ಹೋಗಿ ನರ್ಸಿನತ್ತ ತಿರುಗಿದಳು.

"ಅವರಿಗೆ ಸ್ವಲ್ಪ ಕಾಯೋಕೆ ಹೇಳಿ ಸಿಸ್ಟರ್," ಎಂದಳು. ಹೊರಗೆ ಕಾಯುತ್ತಿದ್ದವರ ಗೈಡನ್ನು ಪೊಟ್ಟಣದಿಂದ ತೆಗೆದು, ಡ್ರಿಲ್ಲಿನ ತುದಿಗೆ ನೀರು ತಲುಪಲೆಂದು ಸಣ್ಣ ಡ್ರಿಲ್ಲಿನಿಂದ ಅಚ್ಚಿನ ಕೆನ್ನೆ ಕಡೆಯ ಬದಿಯಲ್ಲಿ ಒಂದು ಕಿಂಡಿ ಕೊರೆಯತೊಡಗಿದಳು. ಪ್ಲಾಸ್ಟಿಕ್ಕಿನ ಬಿಳಿ ಹುಡಿ ಅವಳ ಮಡಿಲಿಗೆ ಉದುರಿತು. ಭಾವ ಎರಡು ಸಲ ಇಣುಕಿ "ಹೋಗೋಣ್ವಾ?" ಎಂದರೂ ಅಕ್ಕ ಸ್ಟೂಲಿನಿಂದ ಏಳದೆ ನೋಡುತ್ತಲೇ ಇದ್ದಳು. ಪುಟ್ಟಿ ಅಚ್ಚನ್ನು ನಲ್ಲಿಯ ಕೆಳಗೆ ಹಿಡಿದಳು. ನೀರು ಮೊದಲು ಅದರ ಬೆನ್ನಿನ ಮೇಲೆ ಜಾರಿತು. ಓರೆ ಮಾಡಿ ಹಿಡಿದಾಗ ಕಿಂಡಿಯೊಳಗೆ ನುಗ್ಗಿತು. ಕೆಳಗಿನ ತೂತಿನಿಂದ ಒಂದೊಂದೇ ಹನಿ ಬೀಳತೊಡಗಿತು.