ಜರೀಗಿಡದ ತುಕ್ಕು

ಕುಂದಾಣದ ಚಿಕ್ಕವೆಂಕಟಪ್ಪನಿಗೆ ದ್ರಾಕ್ಷಿಯ ರೋಗಗಳ ವಿಷಯದಲ್ಲಿ ಯಾರೂ ಬುದ್ಧಿ ಹೇಳುವ ಹಾಗಿರಲಿಲ್ಲ. ಎಲೆ ಮಗುಚಿ ನೋಡಿದರೆ ಸಾಕು, ಬೂದಿಯೋ ಬೂಜೋ ತುಕ್ಕೋ ಹೇಳಿಬಿಡುತ್ತಿದ್ದ. ಹೇಳಿದ್ದು ಸರಿಯಾಗಿಯೂ ಇರುತ್ತಿತ್ತು. ಬಂದ ತೊಂದರೆಯೇ ಅದು.

ತೊಂಬತ್ತನಾಲ್ಕನೇ ಇಸವಿಯ ಫೆಬ್ರವರಿಯ ಒಂದು ಸೋಮವಾರ ಅವನು ಮಗುಚಿದ್ದು ದ್ರಾಕ್ಷಿ ಎಲೆಯನ್ನಲ್ಲ, ಬಚ್ಚಲ ಪಕ್ಕದ ತೊಟ್ಟಿಯಲ್ಲಿ ಮಗಳು ಮುನಿರತ್ನ ನೆಟ್ಟಿದ್ದ ಜರೀಗಿಡದ ಎಲೆಯನ್ನು. ದಿನಾ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿಬಂದು ಸಸ್ಯಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದ ರತ್ನ ಅದನ್ನು ಕುಮಟಾ ಕಡೆಯ ಕಾಂಡ್ಲಕಾಡಿನಿಂದ, ಸಮುದ್ರದ ನೀರು ಹತ್ತಿ ಇಳಿಯುವ ಕೆಸರಿನಿಂದ ಕಿತ್ತು ಗೋಣಿಚೀಲದಲ್ಲಿ ಕಟ್ಟಿ ತಂದಿದ್ದಳು. ಗುರುವಾರದಿಂದ ಅವಳು ಕಾಲೇಜಿನ ಕೆಲಸದ ಮೇಲೆ ಹೋಗಿ ಊರಲ್ಲಿರಲಿಲ್ಲ. ಈಗ ನೋಡಿದರೆ ಎರಡು ಗರಿಗಳ ತುದಿಯ ಎಲೆಗಳಡಿ ಕಂದುಪುಡಿ ಮೆತ್ತಿಕೊಂಡಿದೆ. ಮುಟ್ಟಿದರೆ ಬೆರಳಿಗೆ ಹತ್ತಿತು.

ತುಕ್ಕೇ ಸೈ ಅಂದುಕೊಂಡ. ಇಪ್ಪತ್ತು ಮಾರು ಆಚೆ ಅವನ ದ್ರಾಕ್ಷಿ ಚಪ್ಪರ ಗೊನೆ ಬಿಟ್ಟು ನಿಂತಿತ್ತು. ಗಾಳಿ ಬೇರೆ ಆ ಕಡೆಗೇ ಬೀಸುತ್ತಿತ್ತು. ಕುಡುಗೋಲು ತಂದು ಗಿಡವನ್ನು ಬುಡಮಟ್ಟ ಕುಯ್ದು, ತೊಟ್ಟಿಯಲ್ಲೇ ಬುಡಕ್ಕೂ ಸೇರಿಸಿ ಸೀಮೆಎಣ್ಣೆ ಸುರಿದು ಸುಟ್ಟ.

ಹೊಗೆ ಕಂಡು ಹೊರಬಂದ ಹೆಂಡತಿ ಮುನಿತಾಯಮ್ಮ ಬೂದಿ ನೋಡಿ ಅಲ್ಲೇ ನಿಂತಳು.

"ಕಂದು ಬಂದಿತ್ತಾ?"

"ಹ್ಞೂ. ತುಕ್ಕು."

"ಅದು ರೋಗ ಅಲ್ವಂತೆ. ಆ ಪುಡೀನೇ ಅದಕ್ಕೆ ಬೀಜ ಇದ್ದಂಗಂತೆ. ಐದು ತಿಂಗ್ಳಿಂದ ದಿನಾ ಎಲೆ ಎತ್ತಿ ಎತ್ತಿ ನೋಡ್ತಿದ್ದಿದ್ದು ಅದಕ್ಕೇ ಅಲ್ವಾ ಅವ್ಳು?"

ಆಮೇಲೆ ಅವನ ಕಾಲು ಒಂದು ಕಡೆ ನಿಲ್ಲಲಿಲ್ಲ. ಚಪ್ಪರದೊಳಗೆ ಹೋದ, ಏನಕ್ಕೆ ಬಂದೆ ಅಂತ ತಿಳಿಯದೆ ವಾಪಸು ಬಂದ. ಬೋಳು ಬುಡಕ್ಕೆ ನೀರು ಹೊಯ್ದ. ಅರ್ಧ ಗಂಟೆ ಬಿಟ್ಟು ಮತ್ತೆ ಹೊಯ್ದ. ಬೂದಿಯನ್ನು ಕಡ್ಡಿಯಲ್ಲಿ ಕೆದಕಿದ. ಊಟಕ್ಕೆ ಕೂತವನು ಮುದ್ದೆ ಮುರಿದು ಹಾಗೇ ಎದ್ದ. ರೋಗ ಗುರುತಿಸುವವನೆಂಬ ಜಂಬ ಇಷ್ಟು ವರ್ಷ ಹೊತ್ತು ತಿರುಗಿದ್ದ, ಈಗ ಅದನ್ನು ಇಳಿಸಲು ಜಾಗ ಸಿಗಲಿಲ್ಲ. ಮಗಳ ಮುಖಕ್ಕಂತೂ ಹೆದರಿದ. ಅವಳು ಬರಬೇಕಿದ್ದ ಆರು ಗಂಟೆಯ ಬಸ್ಸಿಗೆ ಐದಕ್ಕೇ ಹೋಗಿ ಮೋರಿ ಮೇಲೆ ಕೂತ, ಎದ್ದ, ಮತ್ತೆ ಕೂತ. ಅಷ್ಟರಲ್ಲಿ ಒಂದು ಸುಳ್ಳು ಸಿದ್ಧವಾಗಿತ್ತು.

ರತ್ನ ಬಸ್ಸಿಳಿಯುತ್ತಲೇ ಒದರಿಬಿಟ್ಟ. "ಕರು ಹಗ್ಗ ಬಿಡಿಸ್ಕೊಂಡು ನಿನ್ನ ಗಿಡ ಮೇಯ್ದುಬಿಡ್ತು ಕಣಮ್ಮ."

ಅವಳು ಹೆಗಲ ಚೀಲವನ್ನು ಕೆಳಗಿಟ್ಟಳು. "ತೊಟ್ಟಿ ಸುತ್ತ ಮುಳ್ಳು ಕಟ್ಟದೆ ಓಡಿದ್ದು ನಾನೇ. ಬಸ್ಸು ಬಂದ್ಬಿಡ್ತು ಅಂತ."

"ಇನ್ನೊಂದು ತಂದ್ರಾಯ್ತು. ನಾನೇ ಹೋಗ್ಬರ್ತೀನಿ. ಅಪರೂಪದ್ದಾ ಅದು?"

"ಅಪರೂಪ ಏನಲ್ಲ. ಲೋಕದಲ್ಲಿ ಬೇಕಾದಷ್ಟಿದೆ. ಕಾಂಡ್ಲ ಕಡಿದ ಕಡೆ ಇದೇ ಒತ್ತಾಗಿ ಎದ್ದು ಕಾಂಡ್ಲದ ಸಸಿ ಮೇಲೇಳೋಕೇ ಬಿಡಲ್ಲ. ಆದ್ರೆ ಎಲ್ಲಾ ಕಡೆ ಇದು ಉಪ್ಪು ಕಮ್ಮಿ ಇರೋ ಅಂಚಲ್ಲಿ ಬೆಳೆಯುತ್ತೆ. ನಾನು ತಂದಿದ್ದು ಸಮುದ್ರದಷ್ಟೇ ಉಪ್ಪಲ್ಲಿ ನಿಂತಿತ್ತು. ಅದರ ಬೀಜ ಅಷ್ಟು ಉಪ್ಪಲ್ಲಿ ಮೊಳೆಯುತ್ತಾ ನೋಡ್ಬೇಕಾಗಿತ್ತು. ಆ ಜಾಗದಲ್ಲಿ ಈಗ ಸಿಗಡಿ ಹೊಂಡ ತೋಡಿದ್ದಾರೆ. ಅಲ್ಲಿ ಒಂದು ಗಿಡಾನೂ ಇಲ್ಲ." ಚೀಲವನ್ನು ಹೆಗಲಿಗೆ ಏರಿಸಿದಳು. "ಹೋಗ್ಲಿ ಬಿಡು. ಬಯಲುಸೀಮೇಲಿ ಅದು ಬೀಜಕ್ಕೆ ಬರಲ್ಲ ಅಂತ ಮೇಷ್ಟ್ರು ಮೊದ್ಲೇ ಹೇಳಿದ್ರು. ಬರುತ್ತೆ ಅಂತ ಹಟ ಹಿಡಿದಿದ್ದು ನಾನು. ನಂದೇ ತಪ್ಪು."

ಸುಳ್ಳು ಇಷ್ಟು ದೂರ ಹೋಗಿ ಮಗಳ ಹಟವನ್ನೇ ಮೇಯುತ್ತದೆಂದು ಚಿಕ್ಕವೆಂಕಟಪ್ಪ ಅಂದುಕೊಂಡಿರಲಿಲ್ಲ. ಅವನಿಗೆ ತಡೆಯಲಾಗಲಿಲ್ಲ.

"ಬಂದಿತ್ತು," ಅಂದ.

"ಏನು?"

"ಕಂದು. ಕರು ಅಲ್ಲ ಕಣಮ್ಮ. ತುಕ್ಕು ಅನ್ಕೊಂಡು ನಾನೇ ಕುಯ್ದು ಸುಟ್ಟೆ."

ರತ್ನ ರಸ್ತೆ ಮಧ್ಯೆಯೇ ನಿಂತಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಮೋರಿ ಮೇಲೆ ಕೂತು ಚೀಲದಿಂದ ನೋಟ್‌ಬುಕ್ ತೆಗೆದಳು. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ.

"ಎಷ್ಟು ಗರಿ?"

"ಎರಡು."

"ಗರಿ ಪೂರ್ತಿನಾ?"

"ತುದಿ ಕಡೆ ಆರು ಜೊತೆ ಎಲೆ. ಕೆಳಗಿನವು ಹಸಿರಾಗೇ ಇದ್ವು. ಅಡೀಲಿ ಒಂಚೂರೂ ಜಾಗ ಬಿಡದಂಗೆ ಮಕಮಲ್ಲು ಹೊದಿಸಿದಂಗಿತ್ತು. ಪುಡಿ ಬೆರಳಿಗೆ ಹತ್ತಿತು."

"ಹತ್ತಿತಾ? ಹಂಗಾದ್ರೆ ಬಲಿತಿತ್ತು."

ಅವಳು ಸರಸರನೆ ಇಂಗ್ಲಿಷಿನಲ್ಲಿ ಬರೆದಳು. ಓದು ಅಂದ. ತಾರೀಖು, ಗರಿಗಳು, ಆರು ಜೊತೆ ಎಲೆ, ಪುಡಿ ಬಲಿತಿದ್ದುದು, ನೋಡಿದವರು ಚಿಕ್ಕವೆಂಕಟಪ್ಪ, ದ್ರಾಕ್ಷಿ ಬೆಳೆಗಾರರು, ಎಂದೆಲ್ಲ ಕನ್ನಡ ಮಾಡಿ ಓದಿದಳು.

"ಸುಟ್ಟಿದ್ದು?"

"ಅದ್ಯಾಕಪ್ಪ?"

"ಬೀಜ ಎಲ್ಲಿ ಅಂತ ನಿಮ್ಮ ಮೇಷ್ಟ್ರು ಕೇಳಲ್ವಾ? ಸುಟ್ಟೋನೂ ಅವನೇ ಅಂತ ಬರಿ."

ರತ್ನ ಬರೆದಳು. ಬರೆದು ನೋಟ್‌ಬುಕ್ ಒಳಗಿಟ್ಟು, ಅವನಿಗೆ ಕಾಯದೆ ಮನೆಯ ಕಡೆ ನಡೆದಳು. ಅವನು ನಾಲ್ಕು ಹೆಜ್ಜೆ ಹಿಂದೆ ನಡೆದ.